ನೂರು ಪದದೊಳಗೆ ನಮ್ಮ ಮನೆ

ದಿನಕ್ಕೊಂದು ಪದ ಕೊಡುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ಅದು ಮೊಬೈಲಿಗೆ ಬರುತ್ತದೆ. ಆ ಪದ ಎಲ್ಲಾದರೂ ಒಂದು ಕಡೆ ಬರುವ ಹಾಗೆ ಒಂದು ಕತೆ ಬರೆಯಬೇಕು. ಕತೆ 100 ಪದ ಮೀರಬಾರದು. ರಾತ್ರಿ ಹನ್ನೆರಡರೊಳಗೆ ಕಳಿಸಿದರೆ ಲೆಕ್ಕಕ್ಕುಂಟು, ಒಂದು ನಿಮಿಷ ದಾಟಿದರೆ ಇಲ್ಲ. ಹೀಗೆ ಹತ್ತು ದಿನ. ಬಹುಮಾನ ಎಂದರೆ ಒಂದು ಇ-ಸರ್ಟಿಫಿಕೇಟು, ಹೆಚ್ಚೆಂದರೆ ಎರಡು ಪುಸ್ತಕ. ಇಷ್ಟಕ್ಕಾಗಿ ನಮ್ಮ ಮನೆಗಳ ಹೆಂಗಸರು, ಕಾಲೇಜಿಗೆ ಹೋಗುವ ಮಕ್ಕಳು, ಗಲ್ಫಿನಲ್ಲಿರುವ ಗಂಡಸರು ನಿದ್ದೆಗೆಟ್ಟು ಪದ ಎಣಿಸುತ್ತಾ ಕೂರುತ್ತಾರೆ ಎಂದರೆ ನಂಬಲಿಕ್ಕೆ ಸ್ವಲ್ಪ ಕಷ್ಟವೇ. ಆದರೆ ಈ ಸಲ ನಾನೂ ಕೂತು ಎಣಿಸಿದ್ದೇನೆ.

ಕನ್ನಡದಲ್ಲಿ ಇಂಥ ಸ್ಪರ್ಧೆಗಳು ಹೊಸತಲ್ಲ. ಫೇಸ್‌ಬುಕ್ಕಿನ ಗುಂಪುಗಳಲ್ಲಿ, ವಾಟ್ಸಾಪ್ ಬಳಗಗಳಲ್ಲಿ ನ್ಯಾನೋ ಕತೆ, ಹನಿಗತೆ, ಕಿರುಗತೆ ಎಂದು ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಲೇ ಇರುತ್ತವೆ. ನಾವು ಸೇರಿದ್ದು ಅಂಥದ್ದೇ ಒಂದು ಸಣ್ಣ ಬಳಗದ ಸ್ಪರ್ಧೆಗೆ. ಎಲ್ಲ ಊರಿನವರೂ ಎಲ್ಲ ಸಮುದಾಯದವರೂ ಅದರಲ್ಲಿದ್ದರು. ನಮ್ಮವರು ಎಷ್ಟು ಮಂದಿ ಎಂದು ಕುತೂಹಲಕ್ಕೆ ಹುಡುಕಿದೆ. ಎರಡು ಕೈಯ ಬೆರಳು ಸಾಕಾಗಲಿಲ್ಲ.

ಯಾಕೆ ಇಷ್ಟು ಮಂದಿ ಎಂದು ಕೇಳಿದರೆ ಉತ್ತರ ಸುಲಭ. ಕಾದಂಬರಿ ಬರೆಯಬೇಕಾದರೆ ಮೇಜು ಬೇಕು, ಬಾಗಿಲು ಹಾಕಿಕೊಳ್ಳಲಿಕ್ಕೆ ಒಂದು ಕೋಣೆ ಬೇಕು, ಕರೆದರೆ ಓಗೊಡದೆ ಇರುವ ಧೈರ್ಯ ಬೇಕು. ನೂರು ಪದಕ್ಕೆ ಪುಂಡಿ ಬೇಯುವಷ್ಟು ಹೊತ್ತು ಸಾಕು. ಒಬ್ಬರು ಅಡುಗೆಕೋಣೆಯ ಸ್ಟೂಲಿನ ಮೇಲೆ ಕೂತು ಬರೆದರಂತೆ. ಇನ್ನೊಬ್ಬರು ಜುಬೈಲಿನಲ್ಲಿ ಕ್ಯಾಂಪಿನಿಂದ ಕೆಲಸದ ಜಾಗಕ್ಕೆ ಹೋಗುವ ಕಂಪೆನಿ ಬಸ್ಸಿನಲ್ಲಿ ಬರೆದು, ವಾಪಸು ಬರುವ ಬಸ್ಸಿನಲ್ಲಿ ತಿದ್ದಿ ಕಳಿಸುತ್ತಿದ್ದರು. ಹತ್ತು ದಿನದಲ್ಲಿ ಒಂದು ದಿನವೂ ತಪ್ಪಿಸದವರು ಅವರೊಬ್ಬರೇ ಇರಬೇಕು.

ಇದು ಮೊಬೈಲಿನ ಜೊತೆ ಹುಟ್ಟಿದ ಆಟ ಎಂದುಕೊಳ್ಳಬೇಡಿ. ಶೇಖ್ ಸಅದಿಯವರು 1258ರಲ್ಲಿ ಬರೆದು ಮುಗಿಸಿದ 'ಗುಲಿಸ್ತಾನ್' ತೆಗೆದು ನೋಡಿ. ಮೂರ್ನಾಲ್ಕು ಸಾಲಿನಲ್ಲಿ ಮುಗಿಯುವ ಕತೆಗಳು ಅದರಲ್ಲಿ ಎಷ್ಟೋ ಇವೆ. ಕಾಲಿಗೆ ಚಪ್ಪಲಿ ಇಲ್ಲವೆಂದು ಕೊರಗುತ್ತಿದ್ದವನು ಕಾಲೇ ಇಲ್ಲದವನನ್ನು ಕಂಡ ಕತೆಯನ್ನು ನಾವೆಲ್ಲ ಯಾರದೋ ವಅಳಿನಲ್ಲಿ ಕೇಳಿದವರೇ. ಅದು ಸಅದಿಯವರದ್ದು ಎಂದು ಗೊತ್ತಿರುವುದು ಕಡಿಮೆ. ದೇಶ ವಿಭಜನೆಯ ರಕ್ತಪಾತವನ್ನು ಸಆದತ್ ಹಸನ್ ಮಂಟೋ 'ಸಿಯಾಹ್ ಹಾಶಿಯೆ'ಯಲ್ಲಿ ಹಿಡಿದದ್ದು ಹೀಗೆಯೇ. ಕೆಲವು ಕತೆಗಳು ಎರಡೇ ಸಾಲು, ಆದರೆ ಓದಿದ ಮೇಲೆ ಊಟ ಸೇರುವುದಿಲ್ಲ. ಉರ್ದುವಿನಲ್ಲಿ ಇದಕ್ಕೆ 'ಅಫ್ಸಾಂಚ' ಎನ್ನುತ್ತಾರೆ; ಜೋಗಿಂದರ್ ಪಾಲ್ ಅದರಲ್ಲಿ ದೊಡ್ಡ ಹೆಸರು. ನಮ್ಮ ನೆರೆಯ ಮಲಯಾಳಂನಲ್ಲಿ 'ಮಿನಿಕ್ಕಥ' ಎಂದರೆ ಪಿ.ಕೆ. ಪಾರಕ್ಕಡವು ನೆನಪಾಗುತ್ತಾರೆ. ಅರಬಿಯಲ್ಲಂತೂ ಈ ಪ್ರಕಾರದ ಹೆಸರೇ 'ಖಿಸ್ಸ ಖಸೀರ ಜಿದ್ದನ್', ಅಂದರೆ 'ತುಂಬಾ ಸಣ್ಣ ಕತೆ'. ಹೆಸರನ್ನೂ ಸಣ್ಣ ಮಾಡಿ ಖಾಫ್, ಖಾಫ್, ಜೀಮ್ ಎಂದು ಮೂರೇ ಅಕ್ಷರದಲ್ಲಿ ಬರೆಯುವುದುಂಟು. ಸಿರಿಯಾದ ಝಕರಿಯಾ ತಾಮಿರ್ ಅವರ ಸಣ್ಣ ಕತೆಗಳನ್ನು ಗಲ್ಫಿನಲ್ಲಿ ಅರಬಿ ಕಲಿತ ನಮ್ಮ ಹುಡುಗರು ಓದಿಯೂ ಇರಬಹುದು.

ಇಂಗ್ಲಿಷಿನವರು ಇದನ್ನು ಲೆಕ್ಕದ ಆಟ ಮಾಡಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಾರಪತ್ರಿಕೆಯಲ್ಲಿ ಸ್ಟೀವ್ ಮಾಸ್ ಎಂಬವರು 55 ಪದದ ಕತೆಗಳ ಸ್ಪರ್ಧೆ ಶುರು ಮಾಡಿದರು. ಸರಿಯಾಗಿ 100 ಪದ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎನ್ನುವ ಕತೆಗೆ 'ಡ್ರ್ಯಾಬಲ್' ಎನ್ನುತ್ತಾರೆ. ಆಮೇಲೆ ಟ್ವಿಟರ್ ಬಂತು. ದಿನಕ್ಕೊಂದು ಪದ ಕೊಟ್ಟು ಒಂದು ಟ್ವೀಟಿನಲ್ಲಿ ಕತೆ ಹೇಳಿಸುವ ಚಾಳಿ ಅಲ್ಲಿ ಬೆಳೆಯಿತು. ಹೆಮಿಂಗ್ವೇ ಆರೇ ಪದದಲ್ಲಿ ಮಗುವಿನ ಬೂಟಿನ ಕತೆ ಬರೆದು ಬಾಜಿ ಗೆದ್ದ ಎಂದು ಎಲ್ಲ ಸ್ಪರ್ಧೆಗಳಲ್ಲೂ ಹೇಳುತ್ತಾರೆ, ನಮ್ಮದರಲ್ಲೂ ಹೇಳಿದರು. ಹೆಮಿಂಗ್ವೇ ಅದನ್ನು ಬರೆದದ್ದಕ್ಕೆ ಪುರಾವೆ ಮಾತ್ರ ಇಲ್ಲ.

ನನ್ನನ್ನು ಕೇಳಿದರೆ ನಮ್ಮ ಹಿರಿಯರಿಗೆ ಇದರ ತರಬೇತಿ ಮೊದಲೇ ಆಗಿತ್ತು. ಗಲ್ಫಿಗೆ ಏರೋಗ್ರಾಂ ಬರೆಯುತ್ತಿದ್ದ ಕಾಲವನ್ನು ನೆನಪು ಮಾಡಿಕೊಳ್ಳಿ. ಜಾಗ ಅಷ್ಟೇ. ಉಮ್ಮನ ಮಂಡಿನೋವು, ತಂಗಿಯ ಸಂಬಂಧ, ಮನೆಯ ಹಂಚು, ಸಾಲದ ಕಂತು, ಮಗುವಿಗೆ ಹಲ್ಲು ಬಂದದ್ದು, ಎಲ್ಲ ಆ ನೀಲಿ ಕಾಗದದ ಅಂಚಿನವರೆಗೆ ಹಿಡಿಸಬೇಕು. ಹೇಳಲಾಗದ್ದನ್ನು ಹೇಳದೆಯೇ ತಿಳಿಸಬೇಕು, ಯಾಕೆಂದರೆ ಅಲ್ಲಿ ಕಾಗದವನ್ನು ಓದಿ ಹೇಳುವವನು ಬೇರೆ ಯಾರೋ ಆಗಿರುತ್ತಿದ್ದ.

ಈಗ ಎಣಿಕೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗದಲ್ಲಿ ದೊಡ್ಡ ಜಗಳ ಆದದ್ದೇ ಇದಕ್ಕೆ.

ಇಂಗ್ಲಿಷಿನ 'ಇನ್ ದ ಹೌಸ್' ಮೂರು ಪದ. ಕನ್ನಡದಲ್ಲಿ 'ಮನೆಯಲ್ಲಿ' ಎಂದರೆ ಒಂದೇ. 'ಹೋಗಬೇಕಾಗಿತ್ತಲ್ಲವಾ' ಎಂಬುದನ್ನು ಮೊಬೈಲು ಒಂದು ಪದ ಎಂದೇ ಎಣಿಸುತ್ತದೆ, ಯಾಕೆಂದರೆ ಅದು ನೋಡುವುದು ಮಧ್ಯದ ಖಾಲಿ ಜಾಗವನ್ನು ಮಾತ್ರ. ಹಾಗಾಗಿ ಕನ್ನಡದ ನೂರು ಪದದಲ್ಲಿ ಹಿಡಿಸುವ ಕತೆ ಇಂಗ್ಲಿಷಿನ ನೂರು ಪದಕ್ಕಿಂತ ದೊಡ್ಡದು. ಇದನ್ನು ಕಂಡುಕೊಂಡ ಕೆಲವು ಬುದ್ಧಿವಂತರು ಪದಗಳನ್ನೆಲ್ಲ ಅಂಟಿಸಲಿಕ್ಕೆ ಶುರು ಮಾಡಿದರು. 'ಬಂದುಬಿಟ್ಟಿದ್ದಾನಂತೆಂದುಕೊಂಡು' ಎಂಬ ಒಂದು ಪದ ನಾನೇ ಕಣ್ಣಾರೆ ಕಂಡೆ. ಮೂರನೆಯ ದಿನ ನಿಯಮ ಬಂತು: ಮಾತಿನಲ್ಲಿ ಬಿಡಿಸಿ ಹೇಳುವುದನ್ನು ಬರಹದಲ್ಲೂ ಬಿಡಿಸಿಯೇ ಬರೆಯಬೇಕು. ನನಗೆ ಸರಿ ಕಂಡಿತು. ಒಬ್ಬರು ಮಾತ್ರ ಮುನಿಸಿಕೊಂಡು ಬಳಗ ಬಿಟ್ಟು ಹೋದರು.

ಅಕ್ಷರ ಎಣಿಸುವ ಸ್ಪರ್ಧೆಗಳಲ್ಲಿ ತದ್ವಿರುದ್ಧ. ಟ್ವಿಟರಿನ ಮಿತಿ ಮೊದಲು 140 ಇತ್ತು, 2017ರಲ್ಲಿ 280 ಆಯಿತು. ಆದರೆ ಕಂಪ್ಯೂಟರಿಗೆ ನಮ್ಮ ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಆರು. ಪದ ಎಣಿಸಿದರೆ ಕನ್ನಡಕ್ಕೆ ಲಾಭ, ಅಕ್ಷರ ಎಣಿಸಿದರೆ ನಷ್ಟ. ಸ್ಪರ್ಧೆಗೆ ಸೇರುವ ಮೊದಲು ಯಾವುದನ್ನು ಎಣಿಸುತ್ತಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನನಗೆ ಹಿಡಿಸಿದ ದಿನ ಐದನೆಯದು. ಪದ 'ಅಳತೆ'. ಮೊದಲ ಸಲ ಬರೆದಾಗ ಇನ್ನೂರರ ಹತ್ತಿರ ಹೋಗಿತ್ತು. ಅದರಲ್ಲಿ ವಿಮಾನ ನಿಲ್ದಾಣದ ಅಳು ಇತ್ತು, ವೀಸಾಕ್ಕೆ ಮಾಡಿದ ಸಾಲ ಇತ್ತು, ನಾಲ್ಕು ವರ್ಷ ಊರಿಗೆ ಬರಲಾಗದ ಕಾರಣವೂ ಇತ್ತು. ಒಂದೊಂದನ್ನೇ ತೆಗೆಯುತ್ತಾ ಹೋದೆ. ಸಾಲ ತೆಗೆದರೂ ಕತೆ ನಿಂತಿತು. ವಿಮಾನ ನಿಲ್ದಾಣ ತೆಗೆದ ಮೇಲೆ ಇನ್ನೂ ಗಟ್ಟಿಯಾಗಿ ನಿಂತಿತು. ಕೊನೆಗೆ ಉಳಿದದ್ದು 45 ಪದ:

"ಪೆರ್ನಾಲಿಗೆ ಇನ್ನು ಎರಡು ವಾರ. ದಮ್ಮಾಮಿನ ಬಟ್ಟೆ ಅಂಗಡಿಯಲ್ಲಿ ಅವನು ಕೆಂಪು ಫ್ರಾಕೊಂದನ್ನು ಎತ್ತಿ ಹಿಡಿದ.
'ಮಗಳಿಗೆಷ್ಟು ವಯಸ್ಸು?' ಸೇಲ್ಸ್‌ಮನ್ ಕೇಳಿದ.
'ಏಳು.'
'ಎತ್ತರ?'
ಅವನು ಅಂಗೈಯನ್ನು ಸೊಂಟದ ಹತ್ತಿರ ಹಿಡಿದ. ಸ್ವಲ್ಪ ಮೇಲಕ್ಕೆತ್ತಿದ. ಮತ್ತೆ ಕೆಳಗಿಳಿಸಿದ.
'ಅಳತೆ ಸರಿಯಾಗಿ ಹೇಳಿ. ಊರಿಗೆ ಹೋದ ಮೇಲೆ ಬದಲಾಯಿಸಲಿಕ್ಕಾಗುವುದಿಲ್ಲ.'
ಅವನ ಕೈ ಗಾಳಿಯಲ್ಲೇ ನಿಂತಿತು.
'ವೀಡಿಯೊ ಕಾಲಿನಲ್ಲಿ ಅವಳು ಯಾವಾಗಲೂ ಕೂತುಕೊಂಡೇ ಮಾತಾಡುವುದು,' ಎಂದ."

ಕಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಪುತ್ತೂರು ಕಡೆಯ ಒಬ್ಬ ಗೃಹಿಣಿ ಕೇಳಿದರು: "ಅಲ್ಲ ಮಾರಾಯ್ರೆ, ಒಂದು ಫೋನ್ ಮಾಡಿ ಹೆಂಡತಿಯ ಹತ್ತಿರ ಅಳತೆ ಕೇಳಬಹುದಿತ್ತಲ್ಲ?" ಕೇಳಬಹುದಿತ್ತು. ಹೆಂಡತಿಗೆ ಹೇಳಿದರೆ ಮಗಳಿಗೆ ಮೊದಲೇ ಗೊತ್ತಾಗುತ್ತದೆ ಎಂಬ ಒಂದು ವಾಕ್ಯ ಮೊದಲಿನ ಪ್ರತಿಯಲ್ಲಿತ್ತು. ಅದನ್ನು ತೆಗೆದದ್ದು ಬೇಕೆಂದೇ. ಓದುವವರು ಈ ಪ್ರಶ್ನೆ ಕೇಳಲಿ, ಕೇಳಿದ ಮೇಲೆ ಸ್ವಲ್ಪ ಹೊತ್ತು ಆ ಅಂಗಡಿಯಲ್ಲೇ ನಿಲ್ಲಲಿ ಎಂದು. ಅವರು ಒಪ್ಪಲಿಲ್ಲ. ಗಂಡಸರು ಯಾವಾಗಲೂ ಎರಡು ಸೈಜ್ ದೊಡ್ಡದೇ ತರುತ್ತಾರೆ ಎಂದು ಹೇಳಿ ಮಾತು ಮುಗಿಸಿದರು.

ಹತ್ತು ದಿನದಲ್ಲಿ ಬಂದ ಕತೆಗಳಲ್ಲಿ ಹೆಚ್ಚಿನವು ಸುಮಾರಿನವು, ಇದನ್ನು ಹೇಳಲಿಕ್ಕೆ ಸಂಕೋಚವಿಲ್ಲ. ಕೊನೆಯ ಸಾಲಿನಲ್ಲಿ 'ಅವನು ಸತ್ತು ಮೂರು ವರ್ಷವಾಗಿತ್ತು' ಎಂದು ಬೆಚ್ಚಿಬೀಳಿಸುವ ಕತೆಗಳೇ ಒಂದು ರಾಶಿ. ಮೊದಲ ಸಲ ಬೆಚ್ಚುತ್ತೇವೆ, ನಾಲ್ಕನೆಯ ಸಲ ಎರಡನೆಯ ಸಾಲಿನಲ್ಲೇ ಮಯ್ಯತ್ತಿನ ವಾಸನೆ ಬಡಿಯುತ್ತದೆ. ಇನ್ನೊಂದು ರಾಶಿ ಸೌಹಾರ್ದದ ಕತೆಗಳದ್ದು. ಇಫ್ತಾರ್, ನೆರೆಮನೆಯ ಅಕ್ಕ, ಬೇಲಿಯಾಚೆಯಿಂದ ಬಂದ ಪಾಯಸ. ಇವೆಲ್ಲ ನಮ್ಮೂರಿನಲ್ಲಿ ಇಲ್ಲವೆಂದಲ್ಲ, ನಾನು ಉಂಡದ್ದೂ ಉಂಟು. ಆದರೆ ಕತೆಯ ಒಳಗೆ ಆ ಅಕ್ಕನಿಗೆ ಪಾಯಸ ಕೊಡುವುದು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ. ಅವಳಿಗೂ ಒಂದು ಸಿಟ್ಟು, ಒಂದು ಹಟ ಕೊಟ್ಟವರ ಕತೆ ಮಾತ್ರ ನೆನಪಿನಲ್ಲಿ ಉಳಿಯಿತು. ಎ.ಐ.ಯಿಂದ ಬರೆಸಿ ಕಳಿಸಿದವರೂ ಇದ್ದರು. ಗುರುತು ಹಿಡಿಯಲಿಕ್ಕೆ ಕಷ್ಟವಾಗಲಿಲ್ಲ. ಆ ಕತೆಗಳಲ್ಲಿ ಯಾರ ಮನೆಯಲ್ಲೂ ಮೀನಿನ ವಾಸನೆ ಇರಲಿಲ್ಲ.

ಭಾಷೆಯ ಪ್ರಶ್ನೆ ಬೇರೆ ಎದ್ದಿತು. ಬರೆಯುವುದು ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವುದು ಬ್ಯಾರಿ. 'ಉಮ್ಮ' ಎಂದು ಬರೆದರೆ ಈಗ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಇವರೆಲ್ಲ ಬರೆದು ಬರೆದು ಆ ದಾರಿಯನ್ನು ಸವೆಸಿಟ್ಟಿದ್ದಾರೆ. ಆದರೆ ತಂದೆಗೆ ಏನೆಂದು ಬರೆಯುವುದು? ಕೆಲವು ಮನೆಯಲ್ಲಿ ಉಪ್ಪ, ಕೆಲವು ಮನೆಯಲ್ಲಿ ಬಾಪ, ಇನ್ನು ಕೆಲವು ಕಡೆ ಅಬ್ಬ. ಒಬ್ಬ ಹುಡುಗಿ ತನ್ನ ಮನೆಯಲ್ಲಿ ಕರೆಯುವ ಹಾಗೆ ಬರೆದಳು. ಪದದ ಅರ್ಥ ಕೆಳಗೆ ಕೊಡಿ ಎಂದು ಸ್ಪರ್ಧೆ ನಡೆಸುವವರು ಹೇಳಿದರು. ಕೊಡುವುದಿಲ್ಲ ಎಂದಳು. ಕತೆಯಲ್ಲಿ ಅವನು ಮಗಳ ಶಾಲೆ ಫೀಸು ಕಟ್ಟಲಿಕ್ಕೆ ಸಾಲಿನಲ್ಲಿ ನಿಂತಿದ್ದಾನೆ, ಅವನು ಯಾರೆಂದು ಗೊತ್ತಾಗಲಿಕ್ಕೆ ಅಷ್ಟು ಸಾಲದೇ ಎಂಬುದು ಅವಳ ಪ್ರಶ್ನೆ. ಅವಳ ಮಾತೇ ನಡೆಯಿತು. ಮುಂದಿನ ಸಲ ಬ್ಯಾರಿ ಭಾಷೆಯಲ್ಲೇ ಒಂದು ಸುತ್ತು ಇಡಬೇಕು ಎಂಬ ಮಾತೂ ಬಂತು. ಕನ್ನಡ ಲಿಪಿಯಲ್ಲಿ ಬ್ಯಾರಿ ಬರೆಯುವಾಗ ಮಂಗಳೂರಿನವರು ಒಂದು ರೀತಿ, ಬೆಳ್ತಂಗಡಿಯವರು ಇನ್ನೊಂದು ರೀತಿ ಬರೆದು ಅದಕ್ಕೂ ಒಂದು ಜಗಳ ಆಗುವುದು ಖಂಡಿತ. ಆಗಲಿ.

ಇನ್ನು ಎಂಟನೆಯ ದಿನದ್ದು. ಪದ 'ಕನ್ನಡಿ'. ಬಂಟ್ವಾಳ ತಾಲೂಕಿನ ಒಬ್ಬ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಕಳಿಸಿದ ಕತೆ ಇದು. ಅವರ ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

"ಮದುವೆಗೆ ಹೊರಡುವ ಹೊತ್ತು. ಸೊಸೆ ಕನ್ನಡಿಯ ಮುಂದೆ ನಿಂತು ಶಾಲನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಬಳೆಗಳು ಅಡವಿನಲ್ಲಿದ್ದವು, ಗಂಡನ ವೀಸಾ ಇನ್ನೂ ಬಂದಿರಲಿಲ್ಲ.
ಅತ್ತೆ ಹಿಂದಿನಿಂದ ಬಂದರು. ಈಗ ಕೇಳುತ್ತಾರೆ ಎಂದುಕೊಂಡಳು.
ಅತ್ತೆ ಕೇಳಲಿಲ್ಲ. ಅದೇ ಕನ್ನಡಿಯಲ್ಲಿ ನೋಡುತ್ತಾ ತನ್ನ ಶಾಲನ್ನು ಕೊರಳಿನ ಸುತ್ತ ಇನ್ನೊಂದು ಸುತ್ತು ಸುತ್ತಿದರು.
'ಚಳಿಯುಂಟಲ್ಲ,' ಎಂದರು.
ಮಂಗಳೂರಿನ ಏಪ್ರಿಲ್ ತಿಂಗಳು."

ನಲವತ್ತು ಪದವೂ ಇಲ್ಲ. ಆ ಹೆಣ್ಣುಮಗಳು ಸ್ಪರ್ಧೆಗೆ ಸೇರಿದ್ದು ಸ್ವಂತ ಹೆಸರಿನಲ್ಲಲ್ಲ, 'ಉಮ್ಮು' ಎಂದು ಶುರುವಾಗಿ ಮಗನ ಹೆಸರಿನಲ್ಲಿ ಮುಗಿಯುವ ಹೆಸರಿನಲ್ಲಿ. ಹೀಗೆ ಬರೆಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಅದು ಪರದೆ. ಇವರಿಗೆ ಎರಡನೆಯದ್ದು. ಬರೆಯುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕತೆ ಹೊರಬಿದ್ದ ಮರುದಿನ ಮೂವರು ಹೆಂಗಸರು ಅವರಿಗೆ ಖಾಸಗಿಯಾಗಿ ಮೆಸೇಜ್ ಹಾಕಿದರು. ಒಬ್ಬರು ಉಳ್ಳಾಲದ ಕಡೆಯವರು, ಒಬ್ಬರು ಕಾಪು, ಇನ್ನೊಬ್ಬರು ಇರುವುದು ಶಾರ್ಜಾದಲ್ಲಿ. ಮೂವರದ್ದೂ ಒಂದೇ ಪ್ರಶ್ನೆ: ನಮ್ಮ ಮನೆಯ ವಿಷಯ ನಿಮಗೆ ಹೇಳಿದವರು ಯಾರು? ಒಬ್ಬರು ಸಿಟ್ಟಿನಲ್ಲೇ ಕೇಳಿದ್ದರು. ಮನೆಯ ಮರ್ಯಾದೆ ಬೀದಿಗೆ ತಂದಿರಿ, ಇದು ಗೀಬತ್ ಅಲ್ಲವೇ ಎಂದು.

ಆ ಮಾತು ಅವರನ್ನು ನಾಟಿತು. ಗೀಬತ್ ಎಂದರೆ ಸಣ್ಣ ವಿಷಯ ಅಲ್ಲ. ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ ಅದನ್ನು ಹೋಲಿಸಿದೆ. ಹೇಳಿದ್ದು ನಿಜವಾಗಿದ್ದರೂ ಅದು ಗೀಬತ್ತೇ, ಸುಳ್ಳಾಗಿದ್ದರೆ ಅದಕ್ಕಿಂತ ದೊಡ್ಡ ಅಪವಾದ ಎಂದು ಹದೀಸಿನಲ್ಲಿದೆ. ಹಾಗಾದರೆ ಕಂಡದ್ದು, ಕೇಳಿದ್ದು ಇವುಗಳಿಂದಲೇ ಕಟ್ಟುವ ಕತೆ ಏನು? ನಮ್ಮ ಊರುಗಳು ಸಣ್ಣವು. ಒಂದು ಜಮಾಅತಿನಲ್ಲಿ ಯಾರ ಬಳೆ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಇಲ್ಲದ ಒಂದು ಕಷ್ಟ ನಮ್ಮವರಿಗುಂಟು: ಇಲ್ಲಿ ಕತೆಯನ್ನು ಕತೆಯೆಂದು ಓದುವುದಿಲ್ಲ, ಸುದ್ದಿಯೆಂದು ಓದುತ್ತಾರೆ.

ಅವರು ಕತೆ ಅಳಿಸಿಬಿಡಲಿಕ್ಕೆ ಹೊರಟಿದ್ದರು. ಅದಕ್ಕೆ ಮೊದಲು ಮಗ ಓದುವ ಮದ್ರಸದ ಉಸ್ತಾದರಿಗೆ, ಬೇರೆ ಯಾರೋ ಬರೆದದ್ದು ಎಂಬ ಹಾಗೆ, ಫೋನಿನಲ್ಲಿ ಕತೆ ಓದಿ ಹೇಳಿ ಕೇಳಿದರು. ಉಸ್ತಾದರು ಫತ್ವಾ ಏನೂ ಕೊಡಲಿಲ್ಲ. "ಇದರಲ್ಲಿ ಹೆಸರು ಉಂಟಾ? ಯಾರೆಂದು ಗುರುತು ಸಿಗುತ್ತದಾ?" ಎಂದು ಕೇಳಿದರು. ಹೆಸರಿಲ್ಲ, ಆದರೆ ಮೂರು ಮನೆಯವರು ಇದು ನಮ್ಮದೇ ಎನ್ನುತ್ತಿದ್ದಾರಂತೆ ಎಂದರು ಇವರು. ಉಸ್ತಾದರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ಮನೆಯವರದ್ದು ಹೇಗೆ ಆಗುತ್ತದೆ?" ಎಂದರಂತೆ.

ಕತೆ ಅಳಿಸಲಿಲ್ಲ. ಉಳ್ಳಾಲದವರಿಗೂ ಕಾಪುವಿನವರಿಗೂ ಶಾರ್ಜಾದವರಿಗೂ ಅವರು ಒಂದೇ ಉತ್ತರ ಬರೆದರು: ಇಂಥದ್ದೇ ಮೆಸೇಜ್ ಇನ್ನಿಬ್ಬರಿಂದಲೂ ಬಂದಿದೆ. ಸಿಟ್ಟು ಮಾಡಿದ್ದವರು ಮಾತ್ರ ಎರಡು ದಿನ ಬಿಟ್ಟು ಉತ್ತರಿಸಿದರು. ಹಾಗಾದರೆ ಇದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ ಎಂದಾಯಿತು, ಎಂದಿತ್ತು ಅದರಲ್ಲಿ.

ಅಷ್ಟರಲ್ಲಿ ಕತೆ ವಾಟ್ಸಾಪಿನಲ್ಲಿ ತಿರುಗಲಿಕ್ಕೆ ಶುರುವಾಗಿತ್ತು. ತಿರುಗುವಾಗ ಮೊದಲು ಬೀಳುವುದು ಬರೆದವರ ಹೆಸರು. ಕೆಳಗೆ 'ಸಂಗ್ರಹ' ಎಂದೋ 'ಕೃಪೆ: ವಾಟ್ಸಾಪ್' ಎಂದೋ ಹಾಕಿ ಮುಂದೆ ದೂಡುತ್ತಾರೆ. ದುಡ್ಡು ಕದ್ದರೆ ಪಾಪ ಎಂದು ಗೊತ್ತಿರುವ ನಾವು ಇದನ್ನು ಪಾಪದ ಲೆಕ್ಕಕ್ಕೇ ಸೇರಿಸಿಲ್ಲ. ನಾಲ್ಕು ದಿನದಲ್ಲಿ ಅದು ಅವರದ್ದೇ ಕುಟುಂಬದ ಗ್ರೂಪಿಗೆ ಬಂದು ಬಿತ್ತು, ಒಂದು ಗುಲಾಬಿ ಹೂವಿನ ಚಿತ್ರದ ಮೇಲೆ.

ಅತ್ತೆಗೆ ಕನ್ನಡ ಓದಲಿಕ್ಕೆ ಬಾರದು. ಅವರ ಕಾಲದ ಅನೇಕರ ಹಾಗೆ ಅವರು ಕಲಿತದ್ದು ಅರಬಿ ಮಲಯಾಳಂ. 'ಮುಹಿಯುದ್ದೀನ್ ಮಾಲೆ' ಈಗಲೂ ಕಣ್ಣುಮುಚ್ಚಿ ಹೇಳಬಲ್ಲರು. ಮೊಮ್ಮಗ ಕತೆಯನ್ನು ಓದಿ ಬ್ಯಾರಿಯಲ್ಲಿ ಹೇಳಿದ. ಸೊಸೆ ಅಡುಗೆಕೋಣೆಯಲ್ಲಿ ಮೀನು ತೊಳೆಯುತ್ತಾ ನಿಂತಿದ್ದರು. ಅತ್ತೆ ಇನ್ನೊಮ್ಮೆ ಓದಿಸಿದರು. ಆಮೇಲೆ ಅಡುಗೆಕೋಣೆಯ ಬಾಗಿಲಿಗೆ ಬಂದು, "ಇದನ್ನು ಬರೆದವಳಿಗೆ ಒಂದು ವಿಷಯ ಗೊತ್ತಿಲ್ಲ. ಆ ಅತ್ತೆಯ ಸರ ಅಡವಿಗೆ ಹೋದದ್ದು ಮಗನ ವೀಸಾಕ್ಕಲ್ಲ, ಅವಳ ಗಂಡನ ಮೊದಲನೇ ವೀಸಾಕ್ಕೆ. ಬಿಡಿಸಲಿಕ್ಕೇ ಆಗಲಿಲ್ಲ" ಎಂದರು.

ಅವರಿಗೆ ಗೊತ್ತಾಗಿತ್ತೋ ಇಲ್ಲವೋ ಎಂದು ನಾನು ಕೇಳಿದೆ. "ನಾನು ಕೇಳಲಿಲ್ಲ, ಅವರು ಹೇಳಲಿಲ್ಲ" ಎಂಬುದಷ್ಟೇ ಉತ್ತರ. ಆದರೆ ಹತ್ತನೆಯ ದಿನ 'ಬಾಗಿಲು' ಎಂಬ ಪದ ಬಂದಾಗ, ಕಳಿಸಲಿಕ್ಕೆ ಹನ್ನೆರಡರೊಳಗೆ ಪುರುಸೊತ್ತು ಸಿಕ್ಕಿದ್ದು ಹೇಗೆಂದರೆ, ರಾತ್ರಿಯ ಪಾತ್ರೆಗಳನ್ನು ಅತ್ತೆ ತೊಳೆದಿದ್ದರು.

ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವು. ಸಣ್ಣ ಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದಾದ ಮೇಲೆ 'ಕತೆ ಬರೆದರೆ ಏನು ಸಿಗುತ್ತದೆ' ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಸ್ವಲ್ಪ ಕಡಿಮೆಯಾಗಿದೆ, ಪೂರಾ ನಿಂತಿಲ್ಲ. ನಮ್ಮ ಸ್ಪರ್ಧೆಯ ಫಲಿತಾಂಶ ಬಂದಾಗ ಮೊದಲ ಬಹುಮಾನ ಶಿವಮೊಗ್ಗ ಕಡೆಯ ಒಬ್ಬ ಮೇಷ್ಟರಿಗೆ ಹೋಯಿತು. ಬಸ್ಸು ಹತ್ತಲಾಗದ ಮುದುಕನೊಬ್ಬನ ಕತೆ, ನಿಜಕ್ಕೂ ಚೆನ್ನಾಗಿತ್ತು. ಕನ್ನಡಿಯ ಕತೆಗೆ ಮೂರನೆಯದು. ಇ-ಸರ್ಟಿಫಿಕೇಟಿನಲ್ಲಿ ಹಾಕಲಿಕ್ಕೆ ಪೂರ್ತಿ ಹೆಸರು ಕಳಿಸಿ ಎಂದು ಸ್ಪರ್ಧೆ ನಡೆಸಿದವರು ಕೇಳಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಅವರು ಇನ್ನೂ ಕಳಿಸಿರಲಿಲ್ಲ, ಯೋಚನೆ ಮಾಡುತ್ತಿದ್ದರು. ಮುಂದಿನ ಸುತ್ತಿಗೆ ಹೆಸರು ಕೊಡಲಿಕ್ಕೆ ಈ ತಿಂಗಳ ಕೊನೆಯವರೆಗೆ ಸಮಯ ಉಂಟು. ಜುಬೈಲಿನ ಬಸ್ಸಿನವರು ಈಗಾಗಲೇ ಕೊಟ್ಟಾಗಿದೆ.